ಜೋಡುದೋಣಿಯ ಸಂಗಡಿಗರು

ಎರಡು ದೋಣಿಗಳ ಮೇಲೆ ಕಾಲಿಟ್ಟವನು ನೀರುಪಾಲಾಗುತ್ತಾನೆ ಎಂಬುದು ನಮ್ಮವರು ತಲೆತಲಾಂತರದಿಂದ ಹೇಳಿಕೊಂಡು ಬಂದ ಮಾತು. ಕಛೇರಿಯ ಕೆಲಸದಲ್ಲಿದ್ದುಕೊಂಡೇ ವ್ಯಾಪಾರಕ್ಕೆ ಕೈಹಾಕಿದ ಅಳಿಯನಿಗೂ, ವಿಜ್ಞಾನವೋ ವಾಣಿಜ್ಯವೋ ಎಂದು ಹೊಯ್ದಾಡುವ ಮಗನಿಗೂ, ಎರಡು ಪಕ್ಷಗಳ ಬಾಗಿಲು ಕಾಯುವ ಪುಢಾರಿಗೂ ಈ ಒಂದೇ ಮಾತನ್ನು ನಾವು ಧಾರಾಳವಾಗಿ ಬಡಿಸುತ್ತೇವೆ. ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತಿದೆ. ಆ ಎರಡು ದೋಣಿಗಳನ್ನು ತಕ್ಕಷ್ಟು ಅಂತರದಲ್ಲಿ ಇರಿಸಿ, ಮೇಲೆ ಗಟ್ಟಿಯಾದ ತೊಲೆಗಳನ್ನು ಅಡ್ಡಲಾಗಿ ಬಿಗಿದುಬಿಟ್ಟರೆ ಏನಾದೀತು? ಆಗ ಕಾಲಿಟ್ಟವನು ಮುಳುಗುವುದಿಲ್ಲ. ಒಂಟಿ ದೋಣಿಯವನಿಗಿಂತ ಭದ್ರವಾಗಿ ನಿಲ್ಲುತ್ತಾನೆ; ಗಾಳಿ ಸಿಕ್ಕಿತೆಂದರೆ ಅವನನ್ನು ಹಿಂದೆ ಹಾಕಿ ಓಡುತ್ತಾನೆ. ಈ ಜೋಡುದೋಣಿಗೆ ಜಗತ್ತು ಇಟ್ಟಿರುವ ಹೆಸರು ಕ್ಯಾಟಮರಾನ್.

ಹೆಸರು ಕೇಳಿದೊಡನೆ ಪರದೇಶದ್ದೆನ್ನಿಸುತ್ತದೆ. ಬಿಡಿಸಿ ನೋಡಿದರೆ ನಮ್ಮ ನೆರೆಮನೆಯದು. ತಮಿಳರ ಕಟ್ಟುಮರಂ, ನಮ್ಮ ಬಾಯಲ್ಲಿ ಕಟ್ಟುಮರ. ಕಟ್ಟಿದ ಮರ, ಅಷ್ಟೆ. ಕೋರಮಂಡಲದ ಕರಾವಳಿಯ ಬೆಸ್ತರು ಹಗುರವಾದ ಮರದ ದಿಮ್ಮಿಗಳನ್ನು ಹಗ್ಗದಿಂದ ಬಿಗಿದು, ಅದರ ಮೇಲೆ ಮೊಣಕಾಲೂರಿ ಕುಳಿತು, ದಡದ ದೊಡ್ಡ ಅಲೆಗಳನ್ನು ಸೀಳಿಕೊಂಡು ಮೀನಿಗೆ ಹೋಗುತ್ತಿದ್ದರು. ವಿಲಿಯಂ ಡ್ಯಾಂಪಿಯರ್ ಎಂಬ ಇಂಗ್ಲಿಷ್ ನಾವಿಕನು ೧೬೯೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಹೆಸರನ್ನು ಬರೆದಿಟ್ಟನು. ನಿಜವಾದ ಜೋಡುದೋಣಿಯಾದರೋ ಶಾಂತಸಾಗರದ ದ್ವೀಪವಾಸಿಗಳದು. ಅವರು ಎರಡು ಉದ್ದನೆಯ ದೋಣಿಗಳನ್ನು ಅಡ್ಡತೊಲೆಗಳಿಂದ ಜೋಡಿಸಿ, ಸಾವಿರಾರು ಮೈಲಿಗಳ ನೀರನ್ನು ದಾಟಿ, ಹವಾಯಿಯವರೆಗೂ ಹೋಗಿ ಮನೆ ಮಾಡಿದವರು. ವಸ್ತು ಅವರದು, ಹೆಸರು ನಮ್ಮ ಕಡೆಯದು, ಗಂಟು ಹಾಕಿದವರು ಇಂಗ್ಲಿಷರು.

ಇದಕ್ಕಿಂತ ಸೊಗಸಾದ ಇನ್ನೊಂದು ಮಾತಿದೆ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ, 'ಪೆರಿಪ್ಲಸ್' ಎಂಬ ಹೆಸರಿನ ಸಮುದ್ರವ್ಯಾಪಾರದ ಕೈಪಿಡಿಯಲ್ಲಿ, ನಮ್ಮ ದಕ್ಷಿಣ ದೇಶದ ದೋಣಿಗಳನ್ನು ಹೇಳುವಾಗ 'ಸಂಗರ' ಎಂಬ ಹೆಸರು ಬರುತ್ತದೆ. ದೊಡ್ಡ ದೊಡ್ಡ ಮರಗಳನ್ನು ಒಂದಕ್ಕೊಂದು ಬಿಗಿದು ಮಾಡಿದ ದೋಣಿಗಳವು. ಮಲೆಯಾಳದವರು ಇಂದಿಗೂ ಇಂತಹ ತೆಪ್ಪವನ್ನು 'ಚಙ್ಙಾಡಂ' ಎನ್ನುತ್ತಾರೆ. ಸಂಸ್ಕೃತದ 'ಸಂಘಾಟ' ಎಂಬ, ಜೋಡಣೆ ಎಂದು ಅರ್ಥ ಕೊಡುವ ಶಬ್ದವೇ ಇವಕ್ಕೆಲ್ಲ ಮೂಲವೆಂದು ಭಾಷಾಪಂಡಿತರು ಊಹಿಸಿದ್ದಾರೆ. ನಮ್ಮ 'ಸಂಗಡ', 'ಸಂಗಡಿಗ'ಗಳೂ ಇದೇ ಬಳಗದ ಮಾತುಗಳು. ಹೀಗೆ ನೋಡಿದರೆ ಜೋಡುದೋಣಿಯೂ ಸ್ನೇಹವೂ ಒಂದೇ ತಾಯಿಯ ಮಕ್ಕಳಾದವು. ಇದನ್ನು ನಾನು ನಿಘಂಟಿನಲ್ಲಿ ಓದಿದ್ದು ಆಮೇಲೆ. ಕಣ್ಣಾರೆ ಕಂಡದ್ದು ಮೊದಲು. ಆ ಕಂಡದ್ದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಜಯನಗರದಲ್ಲಿ ಮನೆ ಮಾಡಿಕೊಂಡು, ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ನನ್ನಂಥವನಿಗೂ ಸಮುದ್ರಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ನಮ್ಮೂರು ಕಡಲಮಟ್ಟದಿಂದ ೯೦೦ ಮೀಟರಿಗಿಂತ ಎತ್ತರದಲ್ಲಿದೆ. ನಮಗೆ ಗೊತ್ತಿರುವ ನೀರೆಲ್ಲ ಕೆರೆಯ ನೀರು. ಲಾಲ್‌ಬಾಗಿನ ಕೆರೆ, ಯಡಿಯೂರು ಕೆರೆ, ಸಾರಕ್ಕಿ ಕೆರೆ, ಬಿ.ಟಿ.ಎಂ. ಬಡಾವಣೆಯ ಮೂರಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿ ಕುಳಿತಿವೆ. ಆದರೂ ನಮ್ಮ ಮನೆಯ ಸೂರಿನ ನೀರಿಗೆ ಕಡಲಿನ ದಾರಿ ನಮಗಿಂತ ಚೆನ್ನಾಗಿ ಗೊತ್ತು. ಪಡುವಲಿಗೆ ಹರಿದದ್ದು ವೃಷಭಾವತಿಯನ್ನು ಸೇರಿ, ಅರ್ಕಾವತಿಯ ಕೈಹಿಡಿದು, ಕಾವೇರಿಗೆ ಬೀಳುತ್ತದೆ. ಮೂಡಲಿಗೆ ಇಳಿದದ್ದು ಮಡಿವಾಳ, ಬೆಳ್ಳಂದೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಎರಡೂ ಹೋಗಿ ಮುಟ್ಟುವುದು ಕಟ್ಟುಮರ ಹುಟ್ಟಿದ ಆ ಕೋರಮಂಡಲದ ಕರೆಯನ್ನೇ. ಹಾಯಿದೋಣಿಯೂ ಈ ಊರಿಗೆ ತೀರ ಹೊಸದಲ್ಲ. ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಾಯಿ ಬಿಚ್ಚಿ ಅಭ್ಯಾಸ ಮಾಡುವುದುಂಟು. ಸೇನೆಯ ಎಂಜಿನಿಯರ್ ದಳದವರು ೧೯೮೫ರಿಂದ ೧೯೮೭ರ ವರೆಗೆ 'ತೃಷ್ಣಾ' ಎಂಬ ಹಾಯಿದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿ ಬಂದುದನ್ನು ಪತ್ರಿಕೆಗಳಲ್ಲಿ ಓದಿ ಹಿಗ್ಗಿದವರಲ್ಲಿ ನಾನೂ ಒಬ್ಬ.

ಕೆಲವು ವರ್ಷಗಳ ಹಿಂದೆ, ಸಿಂಗಪುರದಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗ ಡಿಸೆಂಬರ್ ತಿಂಗಳಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡನು. ಅವನೂ ಅವನ ಮೂವರು ಗೆಳೆಯರೂ ಸೇರಿ ಒಂದು ಹಳೆಯ ಕ್ಯಾಟಮರಾನನ್ನು ಕೊಂಡಿದ್ದರು. ಒಬ್ಬ ಥಾಯ್, ಒಬ್ಬ ಆಸ್ಟ್ರೇಲಿಯದವನು, ಒಬ್ಬ ಮಲೇಷ್ಯದ ಚೀನೀಯ, ಮತ್ತು ನಮ್ಮ ಬನಶಂಕರಿಯ ಈ ಹುಡುಗ. ನಾಲ್ವರ ಉಳಿತಾಯವೂ ಆ ದೋಣಿಯ ಹೊಟ್ಟೆಗೆ ಹೋಗಿತ್ತೆಂದು ನನ್ನ ತಂಗಿ ದೂರವಾಣಿಯಲ್ಲಿ ಅತ್ತಿದ್ದಳು. ಥಾಯ್ಲೆಂಡಿನ ಫುಕೆಟ್ ದ್ವೀಪದಲ್ಲಿ ನಡೆಯುವ ಕಿಂಗ್ಸ್ ಕಪ್ ರೆಗಟ್ಟಾ ಎಂಬ ಹಾಯಿದೋಣಿಗಳ ಪಂದ್ಯದಲ್ಲಿ ಅವರು ಓಡುವವರಿದ್ದರು. "ಮಾವ, ಒಂದು ಸಲ ಬಂದು ನೋಡಿ. ಆಮೇಲೆ ಅಮ್ಮನಿಗೆ ನೀವೇ ಏನಾದರೂ ಹೇಳಿ" ಎಂದು ಅವನು ಕೇಳಿಕೊಂಡನು. ತನಿಖೆಗೆ ಹೋದ ಅಧಿಕಾರಿಯ ಹಾಗೆ ನಾನು ಹೋದೆ. ನಮ್ಮವಳು ಎರಡು ಡಬ್ಬ ಕೋಡುಬಳೆಯನ್ನೂ ಒಂದು ಡಬ್ಬ ಚಟ್ನಿಪುಡಿಯನ್ನೂ ಹೊತ್ತು ಬಂದಳು.

ಈ ಪಂದ್ಯ ಮೊದಲಾದದ್ದು ೧೯೮೭ರಲ್ಲಿ, ಥಾಯ್ ದೊರೆ ಭೂಮಿಬೋಲ್ ಅದುಲ್ಯದೇಜರ ಅರುವತ್ತನೆಯ ಹುಟ್ಟುಹಬ್ಬದ ಸಲುವಾಗಿ. ಹೆಸರನ್ನು ನಮ್ಮ ಕಿವಿಗೆ ತಿರುಗಿಸಿಕೊಂಡರೆ ಭೂಮಿಬಲ ಅತುಲ್ಯತೇಜ. ೨೦೧೬ರಲ್ಲಿ ತೀರಿಕೊಂಡ ಈ ದೊರೆ ತಾವೇ ಹಾಯಿದೋಣಿಗಳನ್ನು ಕಟ್ಟಿ ಓಡಿಸಿದವರು. ೧೯೬೭ರಲ್ಲಿ ಥಾಯ್ಲೆಂಡಿನಲ್ಲಿ ನಡೆದ ಆಗ್ನೇಯ ಏಷ್ಯದ ಕ್ರೀಡಾಕೂಟದಲ್ಲಿ ಅವರೂ ಸ್ಪರ್ಧಿ, ಮಗಳು ಉಬೋಲ್‌ರತನಳೂ ಸ್ಪರ್ಧಿ; ಬೇರೆ ಬೇರೆ ದೋಣಿಗಳಲ್ಲಿ, ಒಬ್ಬರಿಗೆ ಇನ್ನೊಬ್ಬರು ಎದುರಾಗಿ. ಕೊನೆಗೆ ಅಂಕಗಳು ಸಮನಾಗಿ ತಂದೆಯೂ ಮಗಳೂ ಚಿನ್ನದ ಪದಕವನ್ನು ಹಂಚಿಕೊಂಡರು. ಮಗಳು ಗೆಲ್ಲಲೆಂದು ತಂದೆ ಹಿಂದೆ ಸರಿಯಲಿಲ್ಲ. ತಂದೆಗೆ ಅವಮಾನವಾದೀತೆಂದು ಮಗಳು ಕೈಬಿಡಲಿಲ್ಲ. ಇಬ್ಬರೂ ಶಕ್ತಿಮೀರಿ ಓಡಿದರು. ಅಂತಹ ದೊರೆಯ ಹೆಸರಿನ ಪಂದ್ಯವೆಂದರೆ ಅದರ ನಡಾವಳಿ ಹೇಗಿರಬಹುದೆಂಬ ಕುತೂಹಲ ನನಗೆ ಹುಟ್ಟಿದ್ದು ಅಲ್ಲಿಯೇ.

ಕಾಟಾ ಎಂಬ ಮರಳದಂಡೆಯಲ್ಲಿ ನಿಂತು ನೋಡಿದರೆ ಡಿಸೆಂಬರಿನ ಕಡಲು ಹಸಿರು ಗಾಜಿನಂತೆ ಇರುತ್ತದೆ. ನಮ್ಮೂರಿಗೆ ಕಾರ್ತಿಕದ ಜಡಿಮಳೆಯನ್ನು ತರುವ ಈಶಾನ್ಯ ಮಾರುತವೇ ಅಲ್ಲಿ ಹಾಯಿಗಳನ್ನು ಉಬ್ಬಿಸುವ ಗಾಳಿ. ದೊಡ್ಡ ದೊಡ್ಡ ಒಂಟಿದೋಣಿಗಳ ಪಂಗಡ ಒಂದು ಕಡೆ, ಜೋಡುದೋಣಿಗಳದು ಇನ್ನೊಂದು ಕಡೆ. ನಮ್ಮ ಹುಡುಗರದು ಸುಮಾರು ೨೮ ಅಡಿ ಉದ್ದದ್ದು. ನಮ್ಮ ಮೂವತ್ತು-ನಲವತ್ತರ ನಿವೇಶನದ ಮುಂಬದಿಯಷ್ಟು. ಕತ್ತಿಯ ಅಲಗಿನಂತೆ ತೆಳ್ಳಗಿರುವ ಎರಡು ಒಡಲುಗಳು. ಅವುಗಳ ನಡುವೆ ಮಂಚಕ್ಕೆ ನವಾರು ಹೆಣೆದ ಹಾಗೆ ಬಿಗಿದು ಕಟ್ಟಿದ ಒಂದು ಬಲೆ. ಮಧ್ಯೆ ಎತ್ತರವಾದ ಹಾಯಿಕಂಬ. ಕೂರಲು ಮೆತ್ತೆಯಿಲ್ಲ, ನೆರಳಿಗೆ ಸೂರಿಲ್ಲ. ಉಳಿತಾಯವೆಲ್ಲ ಹೋದದ್ದು ಇದಕ್ಕೇ ಎಂದು ನಮ್ಮವಳು ಗಲ್ಲದ ಮೇಲೆ ಕೈಯಿಟ್ಟುಕೊಂಡಳು.

ಇದರ ಗುಟ್ಟನ್ನು ಹುಡುಗ ನನಗೆ ಮರಳಿನ ಮೇಲೆ ಗೀರಿ ತೋರಿಸಿದನು. ಒಂಟಿದೋಣಿಯನ್ನು ಗಾಳಿ ಮಗ್ಗುಲಾಗಿ ಬಾಗಿಸುತ್ತದೆ. ಮಗುಚದಂತೆ ಅದರ ತಳದಲ್ಲಿ ಸೀಸವನ್ನೋ ಕಬ್ಬಿಣವನ್ನೋ ಹೇರಬೇಕು. ಆ ಭಾರವನ್ನು ಎಳೆದುಕೊಂಡೇ ಅದು ಓಡಬೇಕು. ಜೋಡುದೋಣಿಗೆ ಆ ಹೊರೆ ಬೇಕಿಲ್ಲ. ಎರಡು ಒಡಲುಗಳ ನಡುವಣ ಅಂತರವೇ ಅದರ ಭದ್ರತೆ. ಹೊರೆಯಿಲ್ಲದ ತೆಳ್ಳನೆಯ ಒಡಲು ನೀರನ್ನು ತಳ್ಳುವುದಿಲ್ಲ, ಕತ್ತರಿಸುತ್ತದೆ. ಗಾಳಿ ಬಲವಾದಾಗ ಗಾಳಿಯ ಬದಿಯ ಒಡಲು ನೀರಿನಿಂದ ಮೇಲೆದ್ದು ಹಾರತೊಡಗುತ್ತದೆ. ಆಗ ನಾವಿಕರು ಹೊರಕ್ಕೆ ಜೋತುಬಿದ್ದು ತಮ್ಮ ಮೈಯ ತೂಕದಿಂದ ಅದನ್ನು ಹದದಲ್ಲಿ ಹಿಡಿಯಬೇಕು. ಹದ ತಪ್ಪಿತೋ, ಬುಡಮೇಲು. ಸೀಸ ಹೊತ್ತ ಒಂಟಿದೋಣಿ ಎಷ್ಟು ವಾಲಿದರೂ ತಾನಾಗಿ ಎದ್ದು ನಿಲ್ಲುತ್ತದೆ. ಜೋಡುದೋಣಿಗಾದರೋ ನೆಟ್ಟಗಿರುವುದು ಎಷ್ಟು ಭದ್ರವೋ ತಲೆಕೆಳಗಾಗಿರುವುದೂ ಅಷ್ಟೇ ಭದ್ರ! ಚಿಕ್ಕದಾದರೆ ಇಬ್ಬರು ಹಗ್ಗ ಹಿಡಿದು ಜಗ್ಗಿ ಎಬ್ಬಿಸಬಹುದು. ದೊಡ್ಡದಾದರೆ ಇನ್ನೊಬ್ಬರು ಬರಲೇಬೇಕು. "ಅದಕ್ಕೇ ಮಾವ, ಈ ದೋಣಿಯವರು ಯಾರೂ ಯಾರೊಡನೆಯೂ ಮುನಿಸಿಕೊಳ್ಳುವುದಿಲ್ಲ. ನಾಳೆ ನಮ್ಮನ್ನು ಎತ್ತುವವರು ಅವರೇ ತಾನೆ?" ಎಂದು ಅವನು ನಕ್ಕನು.

ಸ್ನೇಹಕ್ಕೆ ಇನ್ನೊಂದು ಕಾರಣವೂ ಇದೆಯೆಂದು ನನಗೆ ತೋರಿತು. ಜೋಡುದೋಣಿಯವರು ಬಹುಕಾಲ ಪಂಕ್ತಿಯಿಂದ ಎಬ್ಬಿಸಲ್ಪಟ್ಟವರು. ೧೮೭೬ರಲ್ಲಿ ಅಮೆರಿಕದ ಸ್ವಾತಂತ್ರ್ಯದ ನೂರನೆಯ ವರ್ಷದ ಉತ್ಸವಕ್ಕೆಂದು ನ್ಯೂಯಾರ್ಕಿನಲ್ಲಿ ಹಾಯಿದೋಣಿಗಳ ಪಂದ್ಯ ನಡೆಯಿತು. ನಥಾನಿಯಲ್ ಹೆರೆಶಾಫ್ ಎಂಬ ಇಪ್ಪತ್ತೆಂಟು ವರ್ಷದ ಎಂಜಿನಿಯರು 'ಅಮರಿಲ್ಲಿಸ್' ಎಂಬ ತನ್ನ ಜೋಡುದೋಣಿಯನ್ನು ತಂದು, ಅಲ್ಲಿದ್ದ ಹೆಸರಾಂತ ದೋಣಿಗಳನ್ನೆಲ್ಲ ಹಿಂದಿಕ್ಕಿ ಗೆದ್ದನು. ಸೋತವರು ಒಟ್ಟಾಗಿ ತಕರಾರು ಹೂಡಿದರು. ಇದು ದೋಣಿಯೇ ಅಲ್ಲ ಎಂದರು. ತೀರ್ಪುಗಾರರು ಬಹುಮಾನವನ್ನು ಕಿತ್ತುಕೊಂಡರು. ಮುಂದೆ ಎಷ್ಟೋ ಕಾಲ ಪ್ರತಿಷ್ಠಿತ ಪಂದ್ಯಗಳಲ್ಲಿ ಜೋಡುದೋಣಿಗೆ ಎಲೆ ಹಾಕುವವರಿಲ್ಲದೆ ಹೋಯಿತು. ೧೯೭೦ರ ಸುಮಾರಿಗೆ ಕ್ಯಾಲಿಫೋರ್ನಿಯದಲ್ಲಿ ಅಲೆಹಲಗೆಗಳನ್ನು ಮಾಡುತ್ತಿದ್ದ ಹೋಬಿ ಆಲ್ಟರ್ ಎಂಬಾತನು, ಸಾಮಾನ್ಯ ಸಂಸಾರಸ್ಥರೂ ಮರಳಿನಿಂದಲೇ ನೀರಿಗೆ ತಳ್ಳಿಕೊಂಡು ಹೋಗಬಹುದಾದ ಹದಿನಾರು ಅಡಿಯ ಹಗುರ ಜೋಡುದೋಣಿಯನ್ನು ಹೊರತಂದನು. ಅಂತಹವು ಲಕ್ಷಕ್ಕೂ ಮೀರಿ ತಯಾರಾದವು. ೧೯೭೬ರಲ್ಲಿ, ಅಮರಿಲ್ಲಿಸ್ ಗೆದ್ದು ಸೋತು ಸರಿಯಾಗಿ ನೂರು ವರ್ಷಗಳಾದ ಮೇಲೆ, 'ಟಾರ್ನಡೊ' ಎಂಬ ಕ್ಯಾಟಮರಾನಿಗೆ ಒಲಿಂಪಿಕ್ಸಿನಲ್ಲಿ ಸ್ಥಾನ ದೊರೆಯಿತು. ೨೦೧೬ರಿಂದೀಚೆಗೆ ಅಲ್ಲಿ ಓಡುವ ಜೋಡುದೋಣಿಯಲ್ಲಿ ಒಬ್ಬ ಗಂಡಸೂ ಒಬ್ಬ ಹೆಂಗಸೂ ಜೊತೆಯಾಗಿಯೇ ಇರಬೇಕೆಂಬ ನಿಯಮವುಂಟು. ಅದನ್ನು ಕೇಳಿ, "ಇದು ಸಂಸಾರವೇ ಆಯಿತಲ್ಲ!" ಎಂದಳು ನಮ್ಮವಳು.

ಪಂದ್ಯ ಶುರುವಾಗುವ ರೀತಿಯೇ ವಿಚಿತ್ರ. ಗಾಳಿಯ ದೋಣಿಗಳು ಗೆರೆಯ ಮೇಲೆ ಕುದುರೆಗಳಂತೆ ನಿಲ್ಲಲಾರವು. ಐದು ನಿಮಿಷ ಮುಂಚೆ ಒಂದು ಬಾವುಟ, ನಾಲ್ಕು ನಿಮಿಷಕ್ಕೆ ಇನ್ನೊಂದು, ಒಂದು ನಿಮಿಷಕ್ಕೆ ಮತ್ತೊಂದು ಸೂಚನೆ. ಆ ಐದು ನಿಮಿಷವೂ ದೋಣಿಗಳು ಒಂದರ ಸುತ್ತ ಒಂದು ಸುಳಿದಾಡುತ್ತ, ಕೊನೆಯ ಕ್ಷಣಕ್ಕೆ ಸರಿಯಾಗಿ ವೇಗದಲ್ಲಿಯೇ ಗೆರೆಯನ್ನು ದಾಟಬೇಕು. ಮುಂದೆ, ನೀರಿನಲ್ಲಿ ಬಿಟ್ಟ ತೇಲುಗುಂಡುಗಳನ್ನು ಸುತ್ತಿ ಬರಬೇಕು. ಯಾರಿಗೆ ಯಾರು ದಾರಿ ಬಿಡಬೇಕೆಂಬುದಕ್ಕೆ ಖಚಿತವಾದ ನಿಯಮಗಳಿವೆ. ಎಡಬದಿಯಿಂದ ಗಾಳಿ ಪಡೆಯುವವನು ಬಲಬದಿಯಿಂದ ಪಡೆಯುವವನಿಗೆ ದಾರಿ ಬಿಡಬೇಕು.

ನಿಯಮ ಮುರಿದರೆ ಯಾರು ನೋಡುತ್ತಾರೆ ಎಂದು ನಾನು ಕೇಳಿದೆ. ಮೂವತ್ತು ವರ್ಷ ಪರೀಕ್ಷೆಯ ಕೊಠಡಿಯಲ್ಲಿ ಸಾಲುಗಳ ನಡುವೆ ಸುತ್ತಿದವನಿಗೆ ಬೇರೆ ಯಾವ ಪ್ರಶ್ನೆ ಹುಟ್ಟೀತು? "ನಾವೇ" ಎಂದನು ಹುಡುಗ. ಆ ವಿಶಾಲವಾದ ನೀರಿನಲ್ಲಿ ಪ್ರತಿ ದೋಣಿಯ ಹಿಂದೆಯೂ ತೀರ್ಪುಗಾರನನ್ನು ಕಳುಹಿಸುವುದು ಆಗದ ಮಾತು. ತಪ್ಪು ಮಾಡಿದವನು ತನಗೆ ತಾನೇ ದಂಡ ವಿಧಿಸಿಕೊಂಡು, ಎಲ್ಲರೂ ಮುಂದೆ ಓಡುತ್ತಿರುವಾಗ ಅಲ್ಲಿಯೇ ಎರಡು ಸುತ್ತು ಸುತ್ತಬೇಕು. ಆಮೇಲೆ ದಾರಿ ಹಿಡಿಯಬೇಕು. ನಾನು ದುರ್ಬೀನಿನಲ್ಲಿ ನೋಡುತ್ತಿದ್ದಂತೆಯೇ, ಮೂರನೆಯ ಸ್ಥಾನದಲ್ಲಿದ್ದ ಒಂದು ದೋಣಿ ಇದ್ದಕ್ಕಿದ್ದಂತೆ ಗಾಣದೆತ್ತಿನ ಹಾಗೆ ಎರಡು ಸುತ್ತು ತಿರುಗಿತು. ಯಾರೂ ಕೂಗಿರಲಿಲ್ಲ. ಸುತ್ತಿ ಮುಗಿಸುವ ಹೊತ್ತಿಗೆ ಅದು ಏಳನೆಯದಾಗಿತ್ತು. ನನ್ನ ಕೊಠಡಿಗಳಲ್ಲಿ ಅಂತಹ ಎರಡು ಸುತ್ತನ್ನು ನಾನು ಎಂದೂ ಕಂಡಿರಲಿಲ್ಲ.

ಮೂರನೆಯ ದಿನದ ಸಂಜೆ ನಡೆದ ಸಂಗತಿಯೇ ನನ್ನ ತನಿಖೆಯ ಮುಖ್ಯ ಸಾಕ್ಷ್ಯ. ಅಷ್ಟು ಹೊತ್ತಿಗೆ ನಮ್ಮ ಹುಡುಗರದು ತಮ್ಮ ಪಂಗಡದಲ್ಲಿ ಎರಡನೆಯ ಸ್ಥಾನ. ಮೊದಲನೆಯದು, ವೃತ್ತಿಯಿಂದ ದಂತವೈದ್ಯನಾಗಿದ್ದ ಒಬ್ಬ ವೃದ್ಧನ ದೋಣಿ. ಆ ದಿನ ದಡಕ್ಕೆ ಬರುವಾಗ ಅವನ ದೋಣಿಯ ಒಂದು ಚುಕ್ಕಾಣಿಯ ಉಕ್ಕಿನ ಕೀಲು ಮುರಿದಿತ್ತು. ಎರಡು ಒಡಲಿಗೂ ಒಂದೊಂದು ಚುಕ್ಕಾಣಿ. ಒಂದು ಸಡಿಲವಾದರೂ ಮರುದಿನ ನೀರಿಗಿಳಿಯುವಂತಿಲ್ಲ. ಆ ಕೀಲು ದ್ವೀಪದ ಅಂಗಡಿಗಳಲ್ಲಿ ಸಿಗುವಂಥದಲ್ಲ. ನಮ್ಮ ಹುಡುಗರ ಸಾಮಾನಿನ ಪೆಟ್ಟಿಗೆಯಲ್ಲಿ ಅಂಥದೇ ಒಂದು ಹೆಚ್ಚುವರಿ ಇತ್ತು. ಮುದುಕನು ಕೇಳಲು ಬರಲಿಲ್ಲ. ಹುಡುಗರೇ ಎದ್ದು ಹೋದರು. ನಾಲ್ಕು ಜನರೂ ರಾತ್ರಿ ಹತ್ತೂವರೆಯ ವರೆಗೆ ಟಾರ್ಚಿನ ಬೆಳಕಿನಲ್ಲಿ ಮರಳಿನ ಮೇಲೆ ಮಂಡಿಯೂರಿ ಆ ಕೀಲನ್ನು ಕೂರಿಸಿಕೊಟ್ಟರು. ನಮ್ಮವಳು ಎರಡನೆಯ ಡಬ್ಬವನ್ನು ಬಿಚ್ಚಿ ಎರಡೂ ಪಾಳೆಯಕ್ಕೆ ಕೋಡುಬಳೆ ಹಂಚಿದಳು. ದಂತವೈದ್ಯನು ಒಂದನ್ನು ಕಡಿದು ನೋಡಿ, ಇದು ತನ್ನ ವೃತ್ತಿಗೆ ಬಹಳ ಲಾಭದಾಯಕವಾದ ತಿಂಡಿಯೆಂದು ಹೊಗಳಿದನು.

ಮರುದಿನ ಮುದುಕನು ನಮ್ಮ ಹುಡುಗರನ್ನು ಹನ್ನೆರಡು ಸೆಕೆಂಡುಗಳ ಅಂತರದಿಂದ ಸೋಲಿಸಿದನು. ಆ ಹನ್ನೆರಡು ಸೆಕೆಂಡುಗಳಲ್ಲಿ ಅವನು ಸ್ವಲ್ಪವೂ ದಾಕ್ಷಿಣ್ಯ ತೋರಲಿಲ್ಲ. ಕೊನೆಯ ತಿರುವಿನಲ್ಲಿ ನಮ್ಮ ಹುಡುಗರ ಗಾಳಿಗೆ ಅಡ್ಡ ಬಂದು, ಅವರ ಹಾಯಿ ಬತ್ತಿಹೋಗುವಂತೆ ಮಾಡಿ, ನಿಯಮದೊಳಗೇ ಇದ್ದುಕೊಂಡು ಮುಂದೆ ಹೋದನು. ನನಗೆ ಸಿಟ್ಟು ಬಂದಿತು. "ನಿಮ್ಮ ಕೀಲನ್ನು ಕೊಟ್ಟು ನಿಮ್ಮ ಕುತ್ತಿಗೆಗೇ ತಂದುಕೊಂಡಿರಲ್ಲಪ್ಪ!" ಎಂದೆ.

ಹುಡುಗನು ನೀರು ಸೋರುತ್ತಿದ್ದ ಅಂಗಿಯನ್ನು ಹಿಂಡುತ್ತ, "ಅವರು ದಡದಲ್ಲಿ ಕುಳಿತಿದ್ದರೆ ನಾವು ಯಾರ ಜೊತೆ ಓಡುವುದು ಮಾವ? ಗಾಳಿಯ ಜೊತೆಯೇ?" ಎಂದನು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಹೋದ ವರ್ಷ ನಾವು ಐದನೆಯವರಾಗಿದ್ದೆವು. ಎರಡನೆಯವರಾದದ್ದು ಅವರನ್ನು ಅಟ್ಟಿಸಿಕೊಂಡು ಹೋಗಿ ಹೋಗಿಯೇ" ಎಂದನು.

ಈ ಮಾತನ್ನು ಕೇಳಿದಾಗ ನನಗೆ ನಮ್ಮ ಕಂಬಳದ ನೆನಪಾಯಿತು. ತುಳುನಾಡಿನ ಕೆಸರಿನ ಕರೆಯಲ್ಲಿ ಓಡುವುದೂ ಜೋಡಿಯೇ. ಎರಡು ಕೋಣಗಳನ್ನು ಒಂದೇ ನೊಗಕ್ಕೆ ಕಟ್ಟಿ, ಹಿಂದೆ ಒಬ್ಬನು ನೀರನ್ನು ಚಿಮ್ಮಿಸುತ್ತ ಓಡುತ್ತಾನೆ. ಕರೆಯೂ ಜೋಡಿ, ಅಕ್ಕಪಕ್ಕದಲ್ಲಿ ಎರಡು. ೨೦೨೩ರ ನವೆಂಬರ್ ೨೫ ಮತ್ತು ೨೬ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದಾಗ ಬಸವನಗುಡಿ, ಜಯನಗರಗಳ ಎಷ್ಟೋ ಸಂಸಾರಗಳು ಹೋಗಿ ನೋಡಿದುವು. ಕರಾವಳಿಯಿಂದ ಘಟ್ಟ ಹತ್ತಿ ಲಾರಿಗಳಲ್ಲಿ ಬಂದ ಕೋಣಗಳ ಯಜಮಾನರು ಕರೆಯ ಮೇಲೆ ಒಬ್ಬರಿಗೊಬ್ಬರು ಬದ್ಧ ಎದುರಾಳಿಗಳು. ಮೈದಾನದ ಹಿಂಬದಿಯಲ್ಲಿ ಒಬ್ಬರ ಕೋಣಕ್ಕೆ ಇನ್ನೊಬ್ಬರು ನೀರು ಹೊಯ್ಯುತ್ತಿದ್ದುದನ್ನು ನಾನು ನೋಡಿದೆ. ಫುಕೆಟ್ಟಿನ ದಂಡೆಯಲ್ಲಿ ಕಂಡದ್ದು ಹೊಸದೇನೂ ಅಲ್ಲ. ನಮ್ಮ ಮನೆಯಂಗಳದಲ್ಲಿಯೇ ಇದ್ದುದು.

ಹಾಯಿದೋಣಿಗಳ ಪಂದ್ಯದ ನಿಯಮಗ್ರಂಥದಲ್ಲಿ ಮೊಟ್ಟಮೊದಲನೆಯ ನಿಯಮ ಗೆಲ್ಲುವುದನ್ನು ಕುರಿತದ್ದಲ್ಲ. ಅಪಾಯದಲ್ಲಿರುವ ಯಾವ ಮನುಷ್ಯನಿಗೇ ಆಗಲಿ ದೋಣಿಗೇ ಆಗಲಿ ಸಾಧ್ಯವಾದ ಎಲ್ಲ ನೆರವನ್ನೂ ಕೊಡತಕ್ಕದ್ದು ಎಂಬುದೇ ಅದು. ಹಾಗೆ ನೆರವಿಗೆ ಹೋಗಿ ಹಿಂದೆ ಬಿದ್ದವನಿಗೆ ನ್ಯಾಯ ದೊರಕಿಸಲು ಬೇರೊಂದು ನಿಯಮವಿದೆ. ೧೯೮೮ರ ಸೋಲ್ ಒಲಿಂಪಿಕ್ಸಿನ ಹಾಯಿ ಪಂದ್ಯಗಳು ಪೂಸಾನ್ ಕಡಲಿನಲ್ಲಿ ನಡೆದಾಗ, ಕೆನಡದ ಲಾರೆನ್ಸ್ ಲೆಮ್ಯೂ ಎರಡನೆಯ ಸ್ಥಾನದಲ್ಲಿ ಓಡುತ್ತಿದ್ದನು. ಬೇರೆ ಪಂಗಡದ, ಸಿಂಗಪುರದ ಇಬ್ಬರ ದೋಣಿ ಬಿರುಗಾಳಿಗೆ ಮಗುಚಿದ್ದನ್ನು ಕಂಡು, ತನ್ನ ದಾರಿಯನ್ನು ಬಿಟ್ಟು ಹೋಗಿ ಅವರನ್ನು ನೀರಿನಿಂದ ಎತ್ತಿದನು. ಕಾವಲುದೋಣಿ ಬರುವವರೆಗೂ ಕಾದು, ಆಮೇಲೆ ಪಂದ್ಯಕ್ಕೆ ಮರಳಿದಾಗ ಬಹಳ ಹಿಂದೆ ಬಿದ್ದಿದ್ದನು. ತೀರ್ಪುಗಾರರು ಆ ಓಟದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು. ಒಟ್ಟಿನಲ್ಲಿ ಅವನಿಗೆ ಪದಕ ದೊರೆಯಲಿಲ್ಲ. ಆದರೆ ಕ್ರೀಡಾಧರ್ಮಕ್ಕಾಗಿ ಕೊಡುವ ಪಿಯೇರ್ ದ ಕುಬರ್ತ್ಯಾಂ ಪದಕ ಅವನದಾಯಿತು.

ನಮ್ಮವರೇ ಆದ ಅಭಿಲಾಷ್ ಟಾಮಿ, ನೌಕಾಪಡೆಯ ಅಧಿಕಾರಿ, ೨೦೧೮ರಲ್ಲಿ ಒಂಟಿಯಾಗಿ ಭೂಪ್ರದಕ್ಷಿಣೆ ಮಾಡುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿದ್ದರು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಚಂಡಮಾರುತಕ್ಕೆ ಸಿಕ್ಕಿ, ಹಾಯಿಕಂಬ ಮುರಿದು, ಬೆನ್ನಿಗೆ ಪೆಟ್ಟಾಗಿ ಅಲುಗಾಡದೆ ಮಲಗಿದರು. ಅದೇ ಪಂದ್ಯದ ಎದುರಾಳಿ, ಐರ್ಲೆಂಡಿನ ಗ್ರೆಗರ್ ಮೆಗಕಿನ್, ಅದೇ ಬಿರುಗಾಳಿಯಲ್ಲಿ ತನ್ನ ಹಾಯಿಕಂಬಗಳನ್ನೂ ಕಳೆದುಕೊಂಡಿದ್ದನು. ಆದರೂ ಇದ್ದುದರಲ್ಲಿ ಒಂದು ಹರಕು ಹಾಯಿಯನ್ನು ಕಟ್ಟಿಕೊಂಡು ಟಾಮಿಯವರ ಕಡೆಗೇ ಚುಕ್ಕಾಣಿ ತಿರುಗಿಸಿದನು. ಸೆಪ್ಟೆಂಬರ್ ೨೪ರಂದು ಫ್ರೆಂಚರ ಗಸ್ತುಹಡಗು ಟಾಮಿಯವರನ್ನು ಎತ್ತಿಕೊಂಡಿತು. ಮೆಗಕಿನ್ನನನ್ನೂ ಅದೇ ಹಡಗು ಹತ್ತಿಸಿಕೊಂಡಿತು. ಟಾಮಿಯವರು ಚೇತರಿಸಿಕೊಂಡು, ಅದೇ ಪಂದ್ಯದ ಮುಂದಿನ ಸರದಿಯಲ್ಲಿ ಮತ್ತೆ ಹೊರಟು, ೨೦೨೩ರ ಏಪ್ರಿಲಿನಲ್ಲಿ ಎರಡನೆಯವರಾಗಿ ದಡ ಮುಟ್ಟಿದರು.

ಇದನ್ನೆಲ್ಲ ನಾನು ಈಚೆಗೆ ಮತ್ತೆ ನೆನೆಯಬೇಕಾಗಿ ಬಂದದ್ದು ನನ್ನ ಮೊಮ್ಮಗಳಿಂದ. ಅವಳು ಎರಡನೆಯ ಪಿ.ಯು.ಸಿ. ನಮ್ಮ ಕೆಳಗಿನ ಮನೆಯ ಹುಡುಗಿಯೂ ಅದೇ ತರಗತಿ. ಇಬ್ಬರೂ ಶಿಶುವಿಹಾರದಿಂದ ಒಂದೇ ಛತ್ರಿಯಲ್ಲಿ ನಡೆದವರು. ಸಿ.ಇ.ಟಿ.ಯ ಮಾದರಿ ಪರೀಕ್ಷೆಗಳು ಶುರುವಾದ ಮೇಲೆ ಒಮ್ಮೆ ಇವಳು ಮುಂದೆ, ಒಮ್ಮೆ ಅವಳು ಮುಂದೆ; ಮಾತು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ಈ ಸಲ ಕೆಳಗಿನ ಹುಡುಗಿಗೆ ಡೆಂಗೆ ಜ್ವರ ಬಂದು ಮೂರು ವಾರ ಪಾಠಗಳು ತಪ್ಪಿದುವು. ಅವಳ ತಾಯಿ ಮೆಟ್ಟಿಲ ಬಳಿ ನಿಂತು, ಟಿಪ್ಪಣಿಗಳನ್ನು ಕೇಳಲೋ ಬೇಡವೋ ಎಂದು ಹಿಂಜರಿಯುತ್ತಿದ್ದುದನ್ನು ನಾನೇ ನೋಡಿದೆ. ಆ ರಾತ್ರಿ ಊಟವಾದ ಮೇಲೆ ಮೊಮ್ಮಗಳಿಗೆ ಚುಕ್ಕಾಣಿಯ ಕೀಲಿನ ಕಥೆಯನ್ನು ಹೇಳಿದೆ.

ಅವಳು ಪೂರ್ತಿ ಕೇಳಿದಳು. ಕೇಳಿ, "ತಾತ, ಅವರಿಗೆ ಸೋತರೆ ಒಂದು ಬಟ್ಟಲು ಹೋಗುತ್ತೆ. ನಮಗೆ ಸೀಟು ಹೋಗುತ್ತೆ. ಲಕ್ಷಗಟ್ಟಲೆ ಜನ ಬರೆಯೋ ಪರೀಕ್ಷೆ ಇದು" ಎಂದಳು.

ಮಾತಿನಲ್ಲಿ ಹುರುಳಿತ್ತು. ಹಣವಂತರ ಆಟದ ಧರ್ಮವನ್ನು ಹೊಟ್ಟೆಪಾಡಿನ ಓಟಕ್ಕೆ ಅಳವಡಿಸುವುದು ಸುಲಭವಲ್ಲ. ಆದರೆ ಮೊದಲು ಮರಕ್ಕೆ ಮರವನ್ನು ಕಟ್ಟಿದವರು ಬಟ್ಟಲಿಗಾಗಿ ಓಡಿದವರಲ್ಲ ಎಂಬುದನ್ನು ನಾನು ಅವಳಿಗೆ ಹೇಳಿದೆ. ಅವರು ಬೆಸ್ತರು. ಅದೇ ಕಡಲು, ಅದೇ ಮೀನು, ಅದೇ ಸಂತೆ. ಮೊದಲು ದಡಕ್ಕೆ ಬಂದವನಿಗೆ ಹೆಚ್ಚು ಬೆಲೆ. ಆದರೂ ಅಲೆಗಳ ಮೇಲೆ ಒಬ್ಬನ ಮರ ಮಗುಚಿದರೆ ಉಳಿದವರು ಮೀನನ್ನು ಬಿಟ್ಟು ಅವನ ಕಡೆ ತಿರುಗುತ್ತಿದ್ದರು. ನಮ್ಮ ಕರಾವಳಿಯಲ್ಲಿ ರಂಪಣಿಯೆಂಬ ಭಾರಿ ಬಲೆಯಿತ್ತು. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟ ಬಲೆಯ ಎರಡು ತುದಿಗಳನ್ನೂ ದಡದಲ್ಲಿ ನಿಂತ ಜನ ಸಾಲುಗಟ್ಟಿ ಎಳೆಯುತ್ತಿದ್ದರು. ಸಿಕ್ಕಿದ್ದರಲ್ಲಿ ಎಳೆದವರೆಲ್ಲರಿಗೂ ಪಾಲು. ೧೯೭೦ರ ದಶಕದ ಕೊನೆಯ ಹೊತ್ತಿಗೆ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಹೆಚ್ಚಿ ರಂಪಣಿ ಹಿಂದೆ ಸರಿಯಿತು. ಹೊಟ್ಟೆಪಾಡು ಇದ್ದಲ್ಲಿ ಸಂಗಡಿಗತನ ಇರಲಾರದು ಎಂಬುದಕ್ಕೆ ಕಡಲಿನಲ್ಲಿ ಸಾಕ್ಷಿ ಸಿಗುವುದಿಲ್ಲ.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೋಗಲಿ, ಮರುವರ್ಷವಾದರೂ ಮಾಮ ಗೆದ್ದನಾ?" ಎಂದು ಕೇಳಿದಳು.

ಹೌದೆಂದು ಹೇಳಿಬಿಟ್ಟಿದ್ದರೆ ಕಥೆ ಚೆನ್ನಾಗಿ ಮುಗಿಯುತ್ತಿತ್ತು. ಆದರೆ ಗಣಿತ ಹೇಳಿಕೊಟ್ಟ ಬಾಯಿ. "ಇಲ್ಲಮ್ಮ, ಮರುವರ್ಷವೂ ಆ ಮುದುಕನೇ ಗೆದ್ದ. ನಮ್ಮವರು ನಾಲ್ಕು ಸೆಕೆಂಡು ಹಿಂದೆ" ಎಂದೆ.

"ಹನ್ನೆರಡಿದ್ದದ್ದು ನಾಲ್ಕಾಯಿತಾ?" ಎಂದು ಕೇಳಿ ಅವಳು ಎದ್ದು ಹೋದಳು.

ಇದನ್ನು ಬರೆಯುತ್ತಿರುವ ಈಗ ಕೆಳಗಿನ ಮನೆಯ ಕಿಟಕಿಯಿಂದ ಇಬ್ಬರು ಹುಡುಗಿಯರು ಯಾವುದೋ ಲೆಕ್ಕವನ್ನು ಕುರಿತು ಜಗಳವಾಡುತ್ತಿರುವ ಧ್ವನಿ ಕೇಳಿಬರುತ್ತಿದೆ. ಒಬ್ಬಳು ಉತ್ತರಕ್ಕೆ ಋಣಚಿಹ್ನೆ ಬೇಕೆನ್ನುತ್ತಾಳೆ, ಇನ್ನೊಬ್ಬಳು ಬೇಡವೆನ್ನುತ್ತಾಳೆ. ಯಾರದು ಸರಿಯೆಂದು ನನಗೆ ಗೊತ್ತು. ನಾನು ಹೇಳಲು ಹೋಗುವುದಿಲ್ಲ.